ಆಮ್ಲಗಳ ಹೆಸರು ಅಡುಗೆಮನೆಯಿಂದಲೇ ಶುರುವಾಗಲಿ

ವಿಜಯಪುರದ ಪಾಲಕರಿಗೆ ಒಂದು ಸಲಹೆ. ಹತ್ತನೆಯ ತರಗತಿಯ ನನ್ನ ಮಗಳು ಆಮ್ಲಗಳ ಪಟ್ಟಿಯನ್ನು ವಾರಗಟ್ಟಲೆ ಉರುಹೊಡೆದು, ಪರೀಕ್ಷೆಯಲ್ಲಿ ಹುಣಸೆಹಣ್ಣಿಗೆ ಲ್ಯಾಕ್ಟಿಕ್ ಆಮ್ಲ ಎಂದು ಬರೆದು ಬಂದಳು! ಅಂದಿನಿಂದ ಪಾಠ ಅಡುಗೆಮನೆಗೆ ಬಂತು. ನಮ್ಮ ಇಂಡಿ ತಾಲ್ಲೂಕಿನ ಲಿಂಬೆ ಹಿಂಡುವಾಗ ಸಿಟ್ರಿಕ್, ಹಾಲಿಗೆ ಹೆಪ್ಪು ಹಾಕುವಾಗ ಲ್ಯಾಕ್ಟಿಕ್, ಹುಣಸೆ ಕಿವುಚುವಾಗ ಟಾರ್ಟಾರಿಕ್. ನಮ್ಮ ದ್ರಾಕ್ಷಿಯಲ್ಲಿಯೂ ಟಾರ್ಟಾರಿಕ್ ಇದೆ. ಕೆಂಪಿರುವೆ ಕಚ್ಚಿದ ದಿನ ಫಾರ್ಮಿಕ್ ತಾನಾಗಿಯೇ ಬಾಯಿಗೆ ಬಂತು. ಲ್ಯಾಟಿನ್ ಭಾಷೆಯಲ್ಲಿ ಫಾರ್ಮಿಕಾ ಎಂದರೆ ಇರುವೆಯೇ.

ನೈಟ್ರಿಕ್, ಸಲ್ಫ್ಯೂರಿಕ್‌ನಂಥ ಖನಿಜ ಆಮ್ಲಗಳಿಗೆ ಈ ಉಪಾಯ ಸಾಲದು. ಅಲ್ಲಿ ಆ ಆಮ್ಲದಿಂದಾಗುವ ಲವಣದ ಹೆಸರಿನ ಬಾಲ ನೋಡಬೇಕು. ‘ಏಟ್’ ಇದ್ದರೆ ಆಮ್ಲಕ್ಕೆ ‘ಇಕ್’: ನೈಟ್ರೇಟ್‌ನಿಂದ ನೈಟ್ರಿಕ್. ‘ಐಟ್’ ಇದ್ದರೆ ‘ಅಸ್’: ನೈಟ್ರೈಟ್‌ನಿಂದ ನೈಟ್ರಸ್. ‘ಐಡ್’ ಇದ್ದರೆ ಮೊದಲಿಗೆ ‘ಹೈಡ್ರೋ’, ಕೊನೆಗೆ ‘ಇಕ್’: ಕ್ಲೋರೈಡ್‌ನಿಂದ ಹೈಡ್ರೋಕ್ಲೋರಿಕ್. ಸಲ್ಫೇಟ್, ಸಲ್ಫೈಟ್ ಎರಡನ್ನೂ ಒಟ್ಟಿಗೆ ಕೇಳಿ, ಮಕ್ಕಳು ಎಡವುವುದು ಅಲ್ಲೇ. ಉತ್ತರ ಕ್ರಮವಾಗಿ ಸಲ್ಫ್ಯೂರಿಕ್, ಸಲ್ಫ್ಯೂರಸ್.

ಬ್ಯಾಟರಿಯಲ್ಲಿ ಸಲ್ಫ್ಯೂರಿಕ್, ಶೌಚಾಲಯ ತೊಳೆಯುವ ಹಲವು ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಇರುತ್ತದೆ. ಅವುಗಳ ಲೇಬಲ್ ಓದಿಸಿ, ಮುಚ್ಚಳ ಮಾತ್ರ ತೆಗೆಯಲು ಬಿಡಬೇಡಿ.