ಸೆರಗಿನ ಗಂಟಿನಲ್ಲಿದ್ದ ಮಾತ್ರೆ

ರಾತ್ರಿ ಪಾಳಿಗೆ ನಾನು ಮೆಡಿಸಿನ್ ವಾರ್ಡಿಗೆ ಹೋಗುವ ಹೊತ್ತಿಗೆ ಆ ಅಜ್ಜಿಯನ್ನು ‘ಸುಸ್ತು, ಹೊಟ್ಟೆ ಉರಿ’ ಎಂದು ದಾಖಲಿಸಿಕೊಂಡಿದ್ದರು. ಬಿ.ಪಿ. 110/70, ಗಾಬರಿಪಡುವಂಥದ್ದಲ್ಲ. ಆದರೆ ಮಣಿಕಟ್ಟು ಹಿಡಿದು ಎಣಿಸಿದರೆ ನಾಡಿ 118. ಅಂಗೈ ತಣ್ಣಗೆ, ಬೆವರಿಗೆ ಅಂಟಂಟು. ರಕ್ತ ಒಳಗೊಳಗೇ ಸೋರುವಾಗ ಸಾಮಾನ್ಯವಾಗಿ ಮೊದಲು ನಾಡಿ ಏರುತ್ತದೆ, ಬಿ.ಪಿ. ಬೀಳುವುದು ಆಮೇಲೆ.

“ಅಜ್ಜಿ, ಮಲ ಯಾವ ಬಣ್ಣ ಹೋಗುತ್ತಿದೆ?”

ಅವರು ನಾಚಿ ಗೋಡೆಯ ಕಡೆ ತಿರುಗಿದರು. ಸೊಸೆ ಹೇಳಿದಳು: “ಎರಡು ದಿನದಿಂದ ಡಾಂಬರಿನ ಹಾಗೆ ಸಿಸ್ಟರ್, ನಾತ ತಡೆಯಲಾಗುವುದಿಲ್ಲ.” ಕಬ್ಬಿಣದ ಮಾತ್ರೆ ನುಂಗಿದರೂ ಮಲ ಕಪ್ಪಾಗುತ್ತದೆ, ಹೀಗೆ ಅಂಟಾಗಿ ನಾರುವುದಿಲ್ಲ; ಇದು ಹೊಟ್ಟೆಯೊಳಗೆ ಸೋರಿದ ರಕ್ತದ ಬಣ್ಣ. ಅಜ್ಜಿಯ ಸೆರಗಿನ ಗಂಟು ಬಿಚ್ಚಿದಾಗ ಸಿಕ್ಕಿದ್ದು ಡೈಕ್ಲೋಫೆನಾಕ್, ಜಠರದಲ್ಲಿ ಹುಣ್ಣು ಮಾಡಬಲ್ಲ ನೋವಿನ ಮಾತ್ರೆ. ಮಂಡಿನೋವಿಗೆಂದು ತಿಂಗಳುಗಟ್ಟಲೆ ಅಂಗಡಿಯಿಂದ ತರಿಸಿ ನುಂಗಿದ್ದರು, ಹಲವು ಸಲ ಖಾಲಿ ಹೊಟ್ಟೆಯಲ್ಲಿ.

ಡಾಕ್ಟರಿಗೆ ಫೋನ್ ಮಾಡಿದೆ. ಎರಡೂ ಕೈಗೆ 18 ಗೇಜಿನ ಹಸಿರು ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ತೂರಿಸುವ ಕೊಳವೆ, ಹಾಕಿದೆ. ಕೊಡುವ ರಕ್ತ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್‌ಗೆ ರಕ್ತ ಕಳಿಸಿ, ಡಾಕ್ಟರು ಹೇಳಿದಂತೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 80 ಮಿ.ಗ್ರಾಂ. ಕೊಟ್ಟೆ. ರಕ್ತದ ಚೀಲ ಏರಿಸಿದ ಮೇಲೆ ಮೊದಲ 15 ನಿಮಿಷ ಹಾಸಿಗೆ ಬಿಟ್ಟು ಕದಲಲಿಲ್ಲ. ಚಳಿ, ಜ್ವರ, ಸೊಂಟನೋವು ಕಾಣಿಸಿದರೆ ಅಲ್ಲೇ ನಿಲ್ಲಿಸಬೇಕು. ಆಚೆ ಹಾಸಿಗೆಗಳಿಂದ ಅಷ್ಟರಲ್ಲಿ ನಾಲ್ಕು ಸಲ ಕೂಗು ಬಂತು. ಬೈಸಿಕೊಂಡೆ.

ನಿಜವಾದ ಜಗಳ ಎಳನೀರಿನದು. ‘ಬಾಯಿಗೆ ಏನೂ ಕೊಡಬಾರದು’ ಎಂಬ ಹಲಗೆಯ ಕೆಳಗೇ ನಿಂತು ಮಗ ಸ್ಟ್ರಾ ಇಡುತ್ತಿದ್ದ. “ಹೊಟ್ಟೆ ತಂಪಾಗಲಿ ಎಂದು...” ನಾನು ರೇಗಿದೆ; ರೇಗಬಾರದಿತ್ತು. ಬೆಳಿಗ್ಗೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಇದೆ, ಹೊಟ್ಟೆ ತುಂಬಿದ್ದರೆ ಹುಣ್ಣು ಕಾಣುವುದಿಲ್ಲ, ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ ಎಂದು ಕೂತು ಹೇಳಿದ ಮೇಲೆ ಎಳನೀರು ಮಂಚದಡಿ ಸರಿಯಿತು. ಆದರೂ ಬಾಯಾರಿಕೆ ನಿಜವಾದದ್ದೇ. ಗಾಜ್ ಬಟ್ಟೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿ, ನಾಲಿಗೆ ಒರೆಸುವುದನ್ನು ಸೊಸೆಗೆ ಕಲಿಸಿದೆ. ಬೆಳಗಿನವರೆಗೂ ಅವಳು ಅದನ್ನು ಬಿಡಲಿಲ್ಲ.

ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು, ರಕ್ತ ನಿಲ್ಲಲು ಕ್ಲಿಪ್ ಹಾಕಿದರು. ಬಿಡುಗಡೆಯ ದಿನ ಅಜ್ಜಿ, “ಮಂಡಿಗೆ ಇನ್ನೇನು ನುಂಗಲಿ?” ಎಂದರು. ಡಾಕ್ಟರು ಪ್ಯಾರಾಸಿಟಮಾಲ್ ಬರೆದುಕೊಟ್ಟರು. ನಾನು ಸೆರಗಿನ ಗಂಟನ್ನು ಇನ್ನೊಮ್ಮೆ ಬಿಚ್ಚಿ ನೋಡಿದೆ. ಎರಡು ಮಾತ್ರೆ ಉಳಿದಿದ್ದವು.