ರಿಚ್ಮಂಡ್‌ಗೆ ಹೊರಡುವ ಮುಂಚೆ ನಾನು ಹಾಕಿದ ಲೆಕ್ಕ

"ರಿಚ್ಮಂಡ್ ಸರ್ಕಲ್ಲಾ? ಬೆಂಗಳೂರಿಗೆ ವಾಪಸ್ ಬರ್ತೀಯೇನಪ್ಪಾ?" ಫೋನಿನಲ್ಲಿ ಅಮ್ಮನ ದನಿಗೆ ಒಮ್ಮೆಗೇ ಜೀವ ಬಂತು. ಇಲ್ಲಮ್ಮ, ಇದು ವರ್ಜೀನಿಯಾದ ರಿಚ್ಮಂಡ್, ನ್ಯೂಯಾರ್ಕಿನಿಂದ ರೈಲಿನಲ್ಲಿ ಆರೇಳು ಗಂಟೆ ದಕ್ಷಿಣಕ್ಕೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದೊಡ್ಡ ಊರು ಬಿಟ್ಟು ಅಲ್ಲಿಗ್ಯಾಕೆ?" ಎಂದರು. ಮಾರನೇ ದಿನ ನನ್ನ ಬಾಸ್ ಕೂಡ ಇದನ್ನೇ ಕೇಳಿದಳು.

ನನ್ನದು ಜಾಹೀರಾತು ಏಜೆನ್ಸಿಯಲ್ಲಿ ಸ್ಟ್ರಾಟೆಜಿ ಕೆಲಸ. ಯಾರಿಗೆ ಹೇಳಬೇಕು, ಏನು ಹೇಳಬೇಕು ಅಂತ ಬ್ರೀಫ್ ಬರೆಯೋದು ನಾನು. ಅದನ್ನಿಟ್ಟುಕೊಂಡು ಕಾಪಿರೈಟರ್, ಆರ್ಟ್ ಡೈರೆಕ್ಟರ್ ತಲೆ ಕೆಡಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ, ನ್ಯೂಯಾರ್ಕಿನಲ್ಲಿ ಆರು ವರ್ಷ ಇದನ್ನೇ ಮಾಡಿದ್ದೆ. ರಿಚ್ಮಂಡ್‌ನ ಅರವತ್ತು ಜನರ ಒಂದು ಏಜೆನ್ಸಿ ಕರೆದಾಗ ಮೊದಲು ನಗು ಬಂತು. ಆಮೇಲೆ ಯೋಚನೆ ಶುರುವಾಯಿತು.

ಯಾಕೆಂದರೆ ಎರಡು ಲಕ್ಷ ಚಿಲ್ಲರೆ ಜನರ ಆ ಊರಿಗೆ ನಮ್ಮ ಕಸುಬಿನಲ್ಲಿ ಒಳ್ಳೇ ಹೆಸರಿದೆ. ಮಾರ್ಟಿನ್ ಏಜೆನ್ಸಿ ಅಲ್ಲಿ ಶುರುವಾಗಿದ್ದು 1965ರಲ್ಲಿ. 'ವರ್ಜೀನಿಯಾ ಈಸ್ ಫಾರ್ ಲವರ್ಸ್' (ವರ್ಜೀನಿಯಾ ಇರೋದು ಪ್ರೇಮಿಗಳಿಗೆ) ಎಂಬ 1969ರ ಪ್ರವಾಸೋದ್ಯಮದ ಜಾಹೀರಾತು ಸಾಲು ಅವರದ್ದೇ. ಮೊದಲು ಅದು ಇತಿಹಾಸ ಪ್ರಿಯರಿಗೆ, ಕಡಲತೀರ ಪ್ರಿಯರಿಗೆ ಅಂತ ಬೇರೆ ಬೇರೆ ಜಾಹೀರಾತಾಗಿ ಇತ್ತಂತೆ. ಯಾರೋ ಆ 'ಇತಿಹಾಸ', 'ಕಡಲತೀರ' ಅನ್ನೋ ಪದಗಳನ್ನ ಕಿತ್ತು ಹಾಕಿ ಬರೀ 'ಲವರ್ಸ್' ಉಳಿಸಿದರು, ಸಾಲು ಐವತ್ತು ವರ್ಷ ದಾಟಿಯೂ ಓಡುತ್ತಿದೆ. ಗೈಕೋ ಇನ್ಶೂರೆನ್ಸಿನ ಹಲ್ಲಿಯೂ ಅಲ್ಲಿಯದೇ, 1999ರದ್ದು. ಜನ ಗೈಕೋ ಅನ್ನೋದನ್ನ ಗೆಕೋ ಅಂತಿದ್ದರು, ಗೆಕೋ ಅಂದರೆ ಹಲ್ಲಿ. ಆ ತಪ್ಪನ್ನೇ ಹಿಡಿದು ಅವರು ಹಲ್ಲಿಗೆ ಮಾತು ಕಲಿಸಿದರು. ಹೊಸಪೇಟೆಯ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಹೇಳಿದ ಮಾತು ನಿಜ ಅಂತ ಲೆಕ್ಕ. ಇನ್ಶೂರೆನ್ಸ್ ಮಾರೋಕೆ ಇದಕ್ಕಿಂತ ಒಳ್ಳೇ ಪ್ರಾಣಿ ಬೇಕಾ?

ಸರಿ, ದುಡ್ಡಿನ ವಿಷಯ. ನ್ಯೂಯಾರ್ಕಿನಲ್ಲಿ ನನಗೆ ವರ್ಷಕ್ಕೆ 1,18,000 ಡಾಲರ್. ಅವರು ಹೇಳಿದ್ದು 1,04,000. ಕೇಳಿದ ತಕ್ಷಣ ಮನಸ್ಸು ಮುದುಡಿತು. ಆದರೆ ನ್ಯೂಯಾರ್ಕಿನಲ್ಲಿ ರಾಜ್ಯದ ತೆರಿಗೆಯ ಜೊತೆ ಊರಿನ ಆದಾಯ ತೆರಿಗೆಯೂ ಇದೆ. ನನಗೆ ಅದೊಂದೇ ವರ್ಷಕ್ಕೆ ಮೂರೂವರೆ ಸಾವಿರಕ್ಕಿಂತ ಜಾಸ್ತಿ ಹೋಗುತ್ತಿತ್ತು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಒಂದು ಬೆಡ್‌ರೂಮಿನ ಮನೆಗೆ ತಿಂಗಳಿಗೆ 2,300 ಬಾಡಿಗೆ. ರಿಚ್ಮಂಡ್‌ನಲ್ಲಿ ಎರಡು ಬೆಡ್‌ರೂಮಿಗೆ 1,700. ಇಷ್ಟರಲ್ಲೇ ಸಂಬಳದ ಕಡಿತ ಹೆಚ್ಚುಕಡಿಮೆ ಮುಚ್ಚಿಹೋಯಿತು. ಎರಡು ಕಾರು ಬೇಕಾಗಿದ್ದರೆ ಲೆಕ್ಕ ತಿರುಗಾಮುರುಗಾ ಆಗುತ್ತಿತ್ತು. ಆದರೆ ಅಲ್ಲಿ ಬ್ರಾಡ್ ಸ್ಟ್ರೀಟ್ ಉದ್ದಕ್ಕೂ ಪಲ್ಸ್ ಅನ್ನೋ ಬಸ್ಸು ಓಡುತ್ತದೆ, 2020ರಿಂದ ಟಿಕೆಟ್ಟೇ ಇಲ್ಲ. ಹಾಗಾಗಿ ಆ ಬಸ್ಸಿನ ದಾರಿಯಲ್ಲೇ ಮನೆ ಹುಡುಕೋದು, ಕಾರು ಒಂದೇ ಅಂತ ಮೊದಲೇ ತೀರ್ಮಾನ ಮಾಡಿದೆವು.

ಇಲ್ಲಿ ಒಂದು ಕಡೆ ಎಡವಿದೆ, ಹೇಳಿಬಿಡುತ್ತೇನೆ. ವರ್ಜೀನಿಯಾದಲ್ಲಿ ಕಾರಿಗೆ ವರ್ಷಾವರ್ಷ ಆಸ್ತಿ ತೆರಿಗೆ ಇದೆ. ರಿಚ್ಮಂಡ್‌ನಲ್ಲಿ ಕಾರಿನ ಬೆಲೆಯ ಪ್ರತಿ 100 ಡಾಲರಿಗೆ 3.70. ನಮ್ಮ ಹಳೇ ಟೊಯೋಟಾಕ್ಕೆ ರಿಯಾಯಿತಿ ಕಳೆದ ಮೇಲೂ 400 ಡಾಲರ್ ದಾಟಿದ ಬಿಲ್ ಬಂದಾಗ ಯಾರದೋ ಬಿಲ್ ತಪ್ಪಿ ಬಂದಿದೆ ಅಂದುಕೊಂಡಿದ್ದೆ. ಹೋಟೆಲ್ ಊಟಕ್ಕೂ ಸಾಮಾನ್ಯ ತೆರಿಗೆಯ ಮೇಲೆ ಊರಿನವರದ್ದು ಇನ್ನೊಂದು 7.5 ಪರ್ಸೆಂಟ್. ಇವೆರಡೂ ನನ್ನ ಎಕ್ಸೆಲ್ ಹಾಳೆಯಲ್ಲಿ ಇರಲಿಲ್ಲ.

ಆದರೆ ನಿದ್ದೆ ಕೆಡಿಸಿದ್ದು ದುಡ್ಡಲ್ಲ, ವೀಸಾ. ನಾನಿರುವುದು ಎಚ್-1ಬಿ ಮೇಲೆ, ಅಂದರೆ ಕೆಲಸ ಕೊಟ್ಟ ಕಂಪನಿಯೇ ಅರ್ಜಿ ಹಾಕಿ ಕೊಡಿಸುವ ವೀಸಾ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ನನ್ನ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲಾ ಬೇರೆ ದಾರಿ ನೋಡಿಕೊಳ್ಳಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಏಜೆನ್ಸಿ ಬದುಕು ಗೊತ್ತಲ್ಲ, ಒಬ್ಬ ದೊಡ್ಡ ಕ್ಲೈಂಟ್ ಎದ್ದು ಹೋದರೆ ಮುಂದಿನ ಶುಕ್ರವಾರ ಹತ್ತು ಕುರ್ಚಿ ಖಾಲಿ. ನ್ಯೂಯಾರ್ಕಿನಲ್ಲಿ ನನ್ನ ಹಿಂದಿನ ಕಂಪನಿಯಲ್ಲಿ ಹಾಗೇ ಆಯಿತು. ಆಗ 41ನೇ ದಿನ ಬೇರೆ ಕೆಲಸ ಸಿಕ್ಕಿತ್ತು. ಅದೂ ಮೂರು ರಸ್ತೆ ಆಚೆ.

ಹಾಗಾಗಿ ಕರೆದ ಕೆಲಸದ ಬಗ್ಗೆ ಯೋಚನೆ ಬದಿಗಿಟ್ಟು, ಅದು ಹೋದರೆ ಆ ಊರಲ್ಲಿ ಎರಡನೇ ಕೆಲಸ ಎಲ್ಲಿ ಅಂತ ಹುಡುಕತೊಡಗಿದೆ. ನನ್ನಂಥವನನ್ನು ತೆಗೆದುಕೊಳ್ಳಬಹುದಾದ ಜಾಗಗಳ ಹೆಸರು ಬರೆದೆ. 23 ಆಯಿತು. ಖುಷಿಯಾಯಿತು. ಆಮೇಲೆ ಒಂದೊಂದಾಗಿ ಅಳಿಸುತ್ತಾ ಬಂದೆ. ಎಂಟು ಹತ್ತು ಜನರ ಅಂಗಡಿಗಳು ವೀಸಾ ಗೋಜಿಗೆ ಹೋಗೋಲ್ಲ, ಅವು ಹೋದವು. ಬರೀ ಡಿಸೈನ್ ಮಾಡುವವರು, ಅವರೂ ಹೋದರು. ಏಜೆನ್ಸಿಗಳೇ ಎಲ್ಲ ಅಲ್ಲ ಅಂತ ಆಗ ಹೊಳೆಯಿತು. ಹಳೇ ಕಾರು ಮಾರುವ ಕಾರ್‌ಮ್ಯಾಕ್ಸ್ ಮುಖ್ಯ ಕಚೇರಿ ಅಲ್ಲೇ ಇದೆ, ಕ್ಯಾಪಿಟಲ್ ಒನ್ ಬ್ಯಾಂಕಿನ ದೊಡ್ಡ ಕ್ಯಾಂಪಸ್ ಊರಾಚೆ ಇದೆ. ಇಂಥವರಿಗೆ ತಮ್ಮದೇ ಮಾರ್ಕೆಟಿಂಗ್ ತಂಡ ಇರುತ್ತದೆ. ಆಲ್ಟ್ರಿಯಾ ಕೂಡ ಅಲ್ಲಿಯದೇ, ಆದರೆ ಸಿಗರೇಟಿನ ದುಡ್ಡು ಬೇಡ ಅಂತ ನಾನೇ ಗೀಟು ಎಳೆದೆ. ಕೊನೆಗೆ ಉಳಿದಿದ್ದು ಏಳು.

ಏಳು ಸಾಕಾ? ನ್ಯೂಯಾರ್ಕಿನ ಕೆಲಸ ಮನೆಯಿಂದಲೇ ಮಾಡಬಹುದಲ್ಲ ಅಂತ ಹೆಂಡತಿ ಕೇಳಿದಳು. ಮಾಡಬಹುದು, ಆದರೆ ಎಚ್-1ಬಿ ಕೆಲಸ ಮಾಡುವ ಊರಿಗೆ ಅಂಟಿಕೊಂಡಿರುತ್ತದೆ. ಮನೆಯೇ ಆಫೀಸಾದರೂ ಆ ಮನೆ ಇರುವ ಊರಿಗೇ ಕಂಪನಿ ಅರ್ಜಿ ಹಾಕಬೇಕು. ಇದು ಗೊತ್ತಿಲ್ಲದೆ ಸುಮ್ನೆ ಊರು ಬದಲಾಯಿಸಿ ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ.

ಇಂಟರ್ವ್ಯೂ ಮುಗಿದ ಮೇಲೆ ನಮ್ಮ ಖರ್ಚಿನಲ್ಲೇ ಐದು ದಿನ ಅಲ್ಲಿ ಉಳಿದೆವು. ಏಜೆನ್ಸಿಯವರು ತೋರಿಸುವ ಊರು ಬೇರೆ, ಇರುವ ಊರು ಬೇರೆ ಅಲ್ವಾ? ಆ ಊರಿನ ವಿಶ್ವವಿದ್ಯಾಲಯದಲ್ಲಿ ಬ್ರಾಂಡ್‌ಸೆಂಟರ್ ಅಂತ ಜಾಹೀರಾತು ಕಲಿಸುವ ಹೆಸರಾಂತ ಶಾಲೆ ಇದೆ, 1996ರಲ್ಲಿ ಶುರುವಾಗಿದ್ದು. ಅಲ್ಲಿ ಓದಿದ ನನ್ನ ಸಹೋದ್ಯೋಗಿಯೊಬ್ಬಳು ಮೂರು ಜನ ಫ್ರೀಲಾನ್ಸರ್‌ಗಳ ನಂಬರ್ ಕೊಟ್ಟಳು. ಏಜೆನ್ಸಿಯ ನಿಜ ಬಣ್ಣ ಕೇಳಬೇಕಾದರೆ ಫ್ರೀಲಾನ್ಸರ್‌ಗಳನ್ನೇ ಕೇಳಬೇಕು, ಬಿಲ್ ಯಾವಾಗ ಪಾವತಿಯಾಗುತ್ತದೆ ಅನ್ನೋದು ಅವರಿಗೇ ಗೊತ್ತು. ಒಬ್ಬ ಕಾಫಿ ಕಲಕುತ್ತಾ ಹೇಳಿದ: "ದುಡ್ಡು ನಲವತ್ತೈದು ದಿನಕ್ಕೆ ಬರುತ್ತೆ, ಬಂದೇ ಬರುತ್ತೆ. ಆದರೆ ಅವರ ಆದಾಯದ ಅರ್ಧ ಒಬ್ಬನೇ ಕ್ಲೈಂಟಿಂದ. ಅದನ್ನ ಕೇಳಿದ್ಯಾ?" ನಾನು ಕೇಳಿರಲಿಲ್ಲ.

ಆವತ್ತು ಸಂಜೆ ಬೆಲ್ ಐಲ್ ಅನ್ನೋ ನಡುಗಡ್ಡೆಗೆ ಹೋದೆವು. ದೊಡ್ಡ ಸೇತುವೆಯ ಹೊಟ್ಟೆಗೆ ತೂಗುಹಾಕಿದ ಕಾಲುಸೇತುವೆ. ಮೇಲೆ ಕಾರುಗಳ ಸದ್ದು, ಕೆಳಗೆ ಜೇಮ್ಸ್ ನದಿ. ಊರ ನಟ್ಟನಡುವೆ ಬಂಡೆಗಳ ಮಧ್ಯೆ ನೀರು ನೊರೆಯೆದ್ದು ಹರಿಯುತ್ತದೆ. ಜನ ಬಂಡೆಯ ಮೇಲೆ ಟವೆಲ್ ಹಾಸಿ ಮಲಗಿದ್ದರು. ತುಂಗಭದ್ರೆಯ ದಡದಲ್ಲಿ ಬೆಳೆದವನಿಗೆ ಕಾದ ಕಲ್ಲಿನ ವಾಸನೆ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಚಪ್ಪಲಿ ಬಿಟ್ಟು ಕೂತೆ. ಅಲ್ಲೇ ಹೆಂಡತಿ, "ಈಗ ನೀನು ಲೆಕ್ಕ ಹಾಕ್ತಿಲ್ಲ, ಮನಸ್ಸಲ್ಲೇ ಬಂದಾಯ್ತು" ಎಂದಳು. ನಿಜ. ಹಾಗಂತ ನದಿ ನೋಡಿ ಕೆಲಸಕ್ಕೆ ಸಹಿ ಹಾಕೋಕಾಗಲ್ಲ.

ದಕ್ಷಿಣ ಅಂದರೆ ನಮ್ಮಂಥ ಬಣ್ಣದವರಿಗೆ ಹೇಗೋ ಅನ್ನೋ ಅಳುಕೂ ಇತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದವರ ರಾಜಧಾನಿಯಾಗಿದ್ದ ಊರು ಅದು. ಮಾನ್ಯುಮೆಂಟ್ ಅವೆನ್ಯೂದಲ್ಲಿದ್ದ ಅವರ ಸೇನಾಪತಿ ಜನರಲ್ ಲೀ ಪ್ರತಿಮೆಯನ್ನು ತೆಗೆದಿದ್ದು 2021ರಲ್ಲಿ. ಐದು ದಿನದಲ್ಲಿ ಇಂಥದ್ದೆಲ್ಲ ತಿಳಿಯೋಲ್ಲ. ಅಲ್ಲಿ ಹತ್ತು ವರ್ಷದಿಂದ ಇರುವ ದಾವಣಗೆರೆಯ ಅಕ್ಕ ಒಬ್ಬರನ್ನು ಕೇಳಿದೆ. "ಜನ ಮಾತಾಡ್ಸೋದು ಜಾಸ್ತಿ, ಅಷ್ಟೇ. ದೋಸೆಗೆ ಮಾತ್ರ ನೀವು ಅಳ್ತೀರಿ" ಎಂದರು. ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನದ ಕ್ಯಾಂಟೀನ್ ನೆನೆದು ಈಗಲೂ ಅಳುತ್ತೇವೆ.

ವಾಪಸ್ ಬಂದು ಏಜೆನ್ಸಿಗೆ ಫೋನ್ ಮಾಡಿ ಆ ಅರ್ಧ ಆದಾಯದ ಕ್ಲೈಂಟ್ ಬಗ್ಗೆ ನೇರವಾಗಿ ಕೇಳಿದೆ. ಒಪ್ಪಂದ ಇನ್ನೂ ಎರಡು ವರ್ಷ ಇದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿದರು. ಸಂಬಳಕ್ಕೆ ಜಗ್ಗಾಡಲಿಲ್ಲ. ಗ್ರೀನ್ ಕಾರ್ಡಿನ ಕೆಲಸ ಆರು ತಿಂಗಳೊಳಗೆ ಶುರು ಮಾಡುತ್ತೇವೆ ಅಂತ ಬರಹದಲ್ಲಿ ಕೇಳಿದೆ, ಕೊಟ್ಟರು. ಹಳೇ ಕಂಪನಿಯಲ್ಲಿ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿ ಆರು ತಿಂಗಳ ಮೇಲಾಗಿದ್ದರಿಂದ ಸರದಿಯಲ್ಲಿ ನನ್ನ ತಾರೀಖು ಹಾಗೇ ಉಳಿಯುತ್ತದೆ, ಉಳಿದ ಕಾಗದ ಮೊದಲಿಂದ. ಸಾಮಾನು ಸಾಗಿಸಲು 6,000 ಡಾಲರ್ ಕೊಡುತ್ತಿದ್ದರು, ಆದರೆ ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಅಂತ ಷರತ್ತು. ಅದನ್ನ ತಿಂಗಳ ಲೆಕ್ಕಕ್ಕೆ ಇಳಿಸಿಕೊಂಡೆ, ಅವರೇ ತೆಗೆದುಹಾಕಿದರೆ ಕಾಸೂ ವಾಪಸ್ ಇಲ್ಲ ಅಂತ ಒಂದು ಸಾಲು ಸೇರಿಸಿದೆ. ವೀಸಾ ವರ್ಗಾವಣೆಗೆ ಒಪ್ಪಿಗೆ ಸಿಗುವ ತನಕ ಹಳೇ ಕಡೆ ರಾಜೀನಾಮೆ ಕೊಡಲಿಲ್ಲ. ಅರ್ಜಿ ಹಾಕಿದ ಕೂಡಲೇ ಸೇರಬಹುದು ಅಂತ ವಕೀಲರು ಹೇಳಿದ್ದರು. ನನಗೆ ಧೈರ್ಯ ಸಾಲಲಿಲ್ಲ.

ಬಂದು ಒಂದೂವರೆ ವರ್ಷ ಆಯಿತು. ಆ ಏಳು ಹೆಸರಿನ ಹಾಳೆ ಇನ್ನೂ ಲ್ಯಾಪ್‌ಟಾಪಿನಲ್ಲಿದೆ. ಹೋದ ತಿಂಗಳು ಎರಡು ಅಳಿಸಿದೆ, ಒಂದು ಸೇರಿಸಿದೆ. ಕ್ಲೈಂಟಿನ ಒಪ್ಪಂದ ಮುಗಿಯೋಕೆ ಇನ್ನು ಆರು ತಿಂಗಳು.