1988ರ ಎಫ್‌1 ಅಂಕಪಟ್ಟಿ: ಲೆಕ್ಕ ಹಾಕುವುದು ಹೇಗೆ?

‘ಪ್ರೋಸ್ಟ್‌ಗೆ 105 ಅಂಕ, ಸೆನ್ನಾಗೆ 94. ಮತ್ತೆ ಸೆನ್ನಾ ಹೇಗೆ ಚಾಂಪಿಯನ್?’ 1988ರ ಫಾರ್ಮುಲಾ 1 (ಎಫ್‌1) ಕಾರ್ ರೇಸ್ ಸೀಸನ್‌ನ, ಅಂದರೆ ಚಾಲಕರಾದ ಅಲೈನ್ ಪ್ರೋಸ್ಟ್ ಮತ್ತು ಐರ್ಟನ್ ಸೆನ್ನಾ ಪೈಪೋಟಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಮೋಸ ಆಗಿದೆ ಅಂತ ವಾದಕ್ಕಿಳಿದವರನ್ನೂ ನೋಡಿದ್ದೇನೆ. ಮೋಸವೇನೂ ಇಲ್ಲ, ಕೂಡುವ ಕ್ರಮ ತಪ್ಪಿದೆ ಅಷ್ಟೆ.

ಒಂದು ಹಾಳೆ, ಪೆನ್ಸಿಲ್, ರಬ್ಬರ್ ಇಟ್ಟುಕೊಳ್ಳಿ. ಪೆನ್ ಬೇಡವೇ ಬೇಡ, ಹೊಡೆದುಹಾಕುವ ಕೆಲಸ ಬಹಳ ಇದೆ. ಕಂಪ್ಯೂಟರ್‌ನಲ್ಲಿ ತಾನೇ ಮೊತ್ತ ಹಾಕುವ ಪಟ್ಟಿಯನ್ನೂ ಮೊದಲ ಸಲ ದೂರ ಇಡಿ. ಎಡವಟ್ಟು ಶುರುವಾಗುವುದೇ ಅಲ್ಲಿಂದ.

ಹಂತ 1: ಆಗಿನ ಅಂಕ 9, 6, 4, 3, 2, 1, ಮೊದಲ ಆರು ಮಂದಿಗೆ ಮಾತ್ರ. ಈಗಿನ 25 ಅಂಕದ ಪದ್ಧತಿಯನ್ನು ಹಳೆಯ ಸೀಸನ್‌ಗೆ ತಂದು ಹಾಕಬೇಡಿ.

ಹಂತ 2: 16 ರೇಸ್‌ಗಳ ಫಲಿತಾಂಶ ಬರೆಯಿರಿ. ಇಬ್ಬರೂ ಇದ್ದ ಮೆಕ್ಲಾರೆನ್-ಹೋಂಡಾ ತಂಡ 15 ಗೆದ್ದಿತ್ತು: ಸೆನ್ನಾ 8, ಪ್ರೋಸ್ಟ್ 7. ಕೈತಪ್ಪಿದ್ದು ಇಟಲಿಯ ಮೋಂಝಾ ರೇಸ್ ಒಂದೇ. ಫೆರಾರಿ ತಂಡ ಕಟ್ಟಿದ ಎಂಝೋ ಫೆರಾರಿ ತೀರಿಕೊಂಡು ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಅಲ್ಲಿ ಗೆದ್ದದ್ದು ಫೆರಾರಿಯ ಚಾಲಕ ಬರ್ಗರ್.

ಹಂತ 3: ಎಲ್ಲರೂ ಜಾರುವುದು ಇಲ್ಲಿ, ನಿಧಾನವಾಗಿ ಮಾಡಿ. ನಿಯಮದಂತೆ ಪ್ರತಿ ಚಾಲಕನ ಅತ್ಯುತ್ತಮ 11 ಫಲಿತಾಂಶಗಳು ಮಾತ್ರ ಲೆಕ್ಕಕ್ಕೆ. ಸೀಸನ್ ಮುಗಿದ ಮೇಲೆ ಒಟ್ಟಿಗೆ ಹೊಡೆದುಹಾಕಿದರೆ ಉತ್ತರವೇನೋ ಬರುತ್ತದೆ, ಆದರೆ ಜಪಾನಿನ ಸುಝುಕಾದಲ್ಲೇ ಕಿರೀಟ ಯಾಕೆ ತೀರ್ಮಾನವಾಯಿತು ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೇ 15ನೇ ರೇಸ್‌ನಲ್ಲಿ ನಿಲ್ಲಿಸಿ.

ಅಕ್ಟೋಬರ್ 30, ಸುಝುಕಾ. ಪೋಲ್‌ನಲ್ಲಿ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಲ್ಲಿದ್ದ ಸೆನ್ನಾ ಕಾರು ಹಸಿರು ದೀಪ ಬಿದ್ದೊಡನೆ ನಿಂತೇಬಿಟ್ಟಿತು. ಅವರು ಕೈ ಎತ್ತಿ ಆಡಿಸುತ್ತಿದ್ದರೆ ಉಳಿದ ಕಾರುಗಳು ಅಕ್ಕಪಕ್ಕದಿಂದ ಹಾದುಹೋದವು. ಅಲ್ಲಿ ಸ್ಟಾರ್ಟ್ ಜಾಗವೇ ಇಳಿಜಾರು. ಕಾರು ಉರುಳಿತು, ಎಂಜಿನ್ ಹಿಡಿಯಿತು. 14ನೇ ಸ್ಥಾನಕ್ಕೆ ಕುಸಿದವರು ಗೆದ್ದೇ ಬಂದರು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಹಾಳೆಗೆ ಬನ್ನಿ. ಸೆನ್ನಾ: 8 ಗೆಲುವು 72, ಎರಡು ಎರಡನೇ ಸ್ಥಾನ 12, ಸ್ಪೇನ್‌ನ ನಾಲ್ಕನೇ ಸ್ಥಾನಕ್ಕೆ 3. ಹನ್ನೊಂದು ತುಂಬಿತು, 87. ಪೋರ್ಚುಗಲ್‌ನ 1 ಹೊಡೆದುಹಾಕಿ. ಪ್ರೋಸ್ಟ್: 6 ಗೆಲುವು 54, ಎರಡನೇ ಸ್ಥಾನ ಏಳು ಸಲ. ಅದರಲ್ಲಿ ಐದಕ್ಕಷ್ಟೇ ಜಾಗ, 30. ಒಟ್ಟು 84.

ಕೊನೆಯ ರೇಸ್ ಗೆದ್ದರೆ ಪ್ರೋಸ್ಟ್‌ಗೆ 9 ಸೇರುತ್ತದೆ ಅಂತ 93 ಬರೆಯುವವರೇ ಜಾಸ್ತಿ. ಹಾಗಲ್ಲ. ಆ 9 ಒಳಗೆ ಬರಬೇಕಾದರೆ ಒಂದು 6 ಹೊರಗೆ ಹೋಗಬೇಕು. ಲಾಭ ಮೂರೇ ಅಂಕ, 87. ಸಮವಾದರೆ ಗೆಲುವು ಎಣಿಸುತ್ತಾರೆ. ಅಲ್ಲಿ ಸೆನ್ನಾಗೆ 8, ಪ್ರೋಸ್ಟ್‌ಗೆ ಹೆಚ್ಚೆಂದರೆ 7. ಹಾಗಾಗಿ ಸುಝುಕಾದಲ್ಲೇ ಕಿರೀಟ ಸೆನ್ನಾದ್ದಾಯಿತು. ಪೆನ್ಸಿಲ್‌ನಲ್ಲಿ ಆ 6ರ ಮೇಲೆ ನೀವೇ ಗೆರೆ ಎಳೆದಾಗ ಇದು ಮನಸ್ಸಿಗೆ ಇಳಿಯುವಷ್ಟು ಬೇರೆ ಯಾವ ರೀತಿಯಲ್ಲೂ ಇಳಿಯುವುದಿಲ್ಲ.

ನನ್ನ ಮಟ್ಟಿಗೆ ಅದು ಒಳ್ಳೆಯ ನಿಯಮವಲ್ಲ. ಏಳು ಸಲ ಎರಡನೆಯವನಾಗಿ ಬಂದ ಚಾಲಕನ 18 ಅಂಕ ಸೀಸನ್ ಮುಗಿಯುವಷ್ಟರಲ್ಲಿ ಕಸಕ್ಕೆ ಹೋಯಿತು. ಆದರೆ ಸೀಸನ್ ಶುರುವಾಗುವ ಮುಂಚೆಯೇ ಇಬ್ಬರಿಗೂ ಗೊತ್ತಿದ್ದ ನಿಯಮ ಅದು.

ಹಂತ 4: ಕೊನೆಯ ರೇಸ್, ಆಸ್ಟ್ರೇಲಿಯಾದ ಅಡಿಲೇಡ್ ಸೇರಿಸಿ. ಪ್ರೋಸ್ಟ್ ಗೆದ್ದರು, 87. ಸೆನ್ನಾ ಎರಡನೆಯವರು, ಸ್ಪೇನ್‌ನ 3 ಹೊಡೆದು 6 ಬರೆಯಿರಿ, 90.

ಹಂತ 5: ತಂಡಗಳ ಪಟ್ಟಿಯಲ್ಲಿ ಏನನ್ನೂ ಹೊಡೆದುಹಾಕುವಂತಿಲ್ಲ. 105ಕ್ಕೆ 94 ಕೂಡಿ, ಮೆಕ್ಲಾರೆನ್ 199. ಎರಡನೇ ಸ್ಥಾನದ ಫೆರಾರಿಗೆ 65.